ನಾಯಿಹಲ್ಲಿನ ಮೋನಪ್ಪ

ಈಗ ಎಮ್ಮೆ ಹತ್ತಿ ಮಲಗುವಷ್ಟಕ್ಕೆ ಇಳಿದಿರುವ ಕಲ್ಲುಗುಡ್ಡ ಆಗ ಮೋಡಕ್ಕೆ ತಾಗುತ್ತಿತ್ತಂತೆ. ಅಷ್ಟು ಹಿಂದಿನ ಮಾತು. ಆ ಗುಡ್ಡದ ಬುಡಕ್ಕೆ ಒಂದು ಊರು. ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಗೌಡರ ಮನೆಯವರು ಜಗಳಕ್ಕೆ ಬರುತ್ತಾರೆ. ಬರಲಿ, ನನಗೇನು ಹೆದರಿಕೆಯಿಲ್ಲ, ಆದರೆ ಕತೆ ಅರ್ಧಕ್ಕೆ ನಿಲ್ಲುತ್ತದೆ. ನಾನು ಹೇಳುವುದು ಕಲ್ಲು ಒಡೆಯುವವರ ಓಣಿಯಲ್ಲಿ ಹೇಳುವ ಕತೆ. ಗೌಡರ ಕಟ್ಟೆಯ ಮೇಲೆ ಹೇಳುವ ಕತೆ ಬೇರೆ ಇದೆ. ಅದು ಬೇಕಾದವರು ಅಲ್ಲಿಗೇ ಹೋಗಿ ಕೇಳಿಕೊಳ್ಳಲಿ.

ಆ ಊರಲ್ಲಿ ಒಬ್ಬ ಕಮ್ಮಾರ ಇದ್ದ. ಹೆಸರು ಮೋನಪ್ಪ. ಮೌನದಿಂದ ಬಂದ ಹೆಸರು. ಇಟ್ಟವರು ಏನು ಕಂಡು ಇಟ್ಟರೋ. ಅವನಷ್ಟು ಬಾಯಿಬಡುಕ ಆ ಸೀಮೆಯಲ್ಲೇ ಇರಲಿಲ್ಲ ಅಂತಾರೆ. ತಿದಿ ಊದುವ ಮೊದಲು ತಿದಿಯನ್ನು ಬೈಯುತ್ತಿದ್ದ. ಕಬ್ಬಿಣ ಕಾಯದಿದ್ದರೆ ಕಬ್ಬಿಣವನ್ನು ಬೈಯುತ್ತಿದ್ದ, ಬೇಗ ಕಾಯ್ದರೆ ಅವಸರ ಯಾಕೋ ನಿನಗೆ ಅಂತ ಅದಕ್ಕೂ ಬೈಯುತ್ತಿದ್ದ. ಉಳಿ ಹದ ಮಾಡಿಸಲು ಬಂದವರು ಬೈಗುಳ ತಿಂದು, ಹದವಾದ ಉಳಿ ತಗೊಂಡು, ನಗುತ್ತ ಹೋಗುತ್ತಿದ್ದರು. ಅವನಿಗೆ ತನ್ನ ಕೆಲಸದ ಮೇಲೆ ಬಹಳ ಜಂಬ. ನಾನು ಮಾಡಿದ ಹಾರೆ ಮುರಿಯಬೇಕಾದರೆ ಗುಡ್ಡ ಮೊದಲು ಮುರಿಯಬೇಕು ಅಂತ ಸಂತೆಯಲ್ಲಿ ನಿಂತು ಕೂಗುತ್ತಿದ್ದನಂತೆ.

ಇನ್ನು ಆ ಊರಿನ ಒಂದು ಕಟ್ಟಳೆ ಹೇಳುತ್ತೇನೆ, ಕೇಳಿ. ಗುಡ್ಡದಿಂದ ಕಲ್ಲು ಉರುಳಿ ಯಾರದಾದರೂ ಕಾಲು ಮುರಿದರೆ, ಎಲುಬು ಚರ್ಮದೊಳಗೇ ಇದ್ದರೆ ದಸ್ತಗೀರಸಾಬನನ್ನು ಕರೆಸುತ್ತಿದ್ದರು. ಅವನು ಎಲುಬು ಕೂಡಿಸುವವನು. ಬಿದಿರಿನ ದಬ್ಬೆ ಇಟ್ಟು, ತತ್ತಿಯ ಲೋಳೆ ಹಚ್ಚಿದ ಬಟ್ಟೆ ಸುತ್ತಿ ಕಟ್ಟುತ್ತಿದ್ದ, ಎಲುಬು ಕೂಡುತ್ತಿತ್ತು. ಆದರೆ ಎಲುಬು ಚರ್ಮ ಹರಿದು ಹೊರಗೆ ಬಂದರೆ ದಸ್ತಗೀರಸಾಬನನ್ನು ಕರೆಸುತ್ತಿರಲಿಲ್ಲ. ಗೌಡರ ಮನೆಯಿಂದ ಕೊಡಲಿ ತರಿಸುತ್ತಿದ್ದರು. ಬಿಸಿಲು ಕಂಡ ಎಲುಬು ಮೈಯಲ್ಲಿ ಇರಬಾರದು ಅನ್ನುವುದು ಕಟ್ಟಳೆ. ಕಾಲು ಹೋದವರು ದ್ಯಾಮವ್ವನ ಗುಡಿಯ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರ ಕೈ ನೋಡುತ್ತಿದ್ದರು. ಆ ಮೆಟ್ಟಿಲ ಮೇಲಿನ ಸಾಲು ನೋಡಿದರೆ ಗೌಡರ ಅಂಗಳಕ್ಕೆ ಎಷ್ಟು ಹಾಸುಗಲ್ಲು ಬಂದಿವೆ ಅಂತ ಲೆಕ್ಕ ಸಿಗುತ್ತಿತ್ತಂತೆ. ಅದನ್ನು ಕಂಡೂ ಯಾರೂ ಏನೂ ಅನ್ನಲಿಲ್ಲ. ಕಟ್ಟಳೆ ಅಂದರೆ ಕಟ್ಟಳೆ. ನನಗೆ ಈಗಲೂ ಈ ಮಾತು ಹೇಳುವಾಗ ಮೈ ಉರಿಯುತ್ತದೆ.

ಒಂದು ದಿನ ಗುಡ್ಡದಿಂದ ಕಲ್ಲು ಇಳಿಸುವಾಗ ಹಗ್ಗ ಹರಿಯಿತು. ಕೆಳಗೆ ಹುಲಿಗೆವ್ವ ಇದ್ದಳು. ಹೊಸದಾಗಿ ಮದುವೆಯಾಗಿ ಬಂದವಳು, ಗಂಡ ದೂರದ ಕೆರೆ ಕಟ್ಟುವ ಕೆಲಸಕ್ಕೆ ಹೋಗಿದ್ದ. ಅತ್ತೆ ತಿಮ್ಮವ್ವನ ಜೊತೆ ಕಲ್ಲು ಹೊರುತ್ತಿದ್ದಳು. ಮೊಣಕಾಲ ಕೆಳಗೆ ಮುರಿಯಿತು. ಎಲುಬು ಹೊರಗೆ ಬಂತು. ಜನ ಸೇರಿದರು. ಊರಗೌಡ ತಿರಕನಗೌಡರು ಬಂದರು. ಅವರ ಹಿಂದೆ ಕೊಡಲಿ ಬಂತು.

ಹುಲಿಗೆವ್ವ ಮಲಗಿದಲ್ಲಿಂದಲೇ ಅಂದಳಂತೆ:

“ಕೊಡ್ಲಿ ನಿಮ್ದು ಗೌಡ್ರ, ಕಾಲು ನಂದು. ನಿಮ್ದನ್ನ ನೀವಿಟ್ಕೊಳ್ರಿ, ನಂದನ್ನ ನಾ ಇಟ್ಕೋತೀನಿ.”

ಗೌಡರು ನಕ್ಕರಂತೆ. ಕೀವು ತುಂಬಿದ ಮೇಲೆ ತಾನೇ ಕೂಗಿ ಕರೆಯುತ್ತಾಳೆ ಬಿಡಿ ಅಂದು, ಕೊಡಲಿಯನ್ನು ಅವಳ ಗುಡಿಸಲಿನ ಬಾಗಿಲ ಹೊರಗೆ ಒರಗಿಸಿಟ್ಟು ಹೋದರಂತೆ. ನೆನಪಿಗಿರಲಿ ಅಂತ. ಇಂಥವರು ಇರುತ್ತಾರೆ. ನಾಲ್ಕು ಸೀಮೆ ತಿರುಗಿದ್ದೇನೆ, ಎಲ್ಲ ಕಡೆ ಇರುತ್ತಾರೆ.

ದಸ್ತಗೀರಸಾಬ ಕರೆಯದೆಯೂ ಬಂದ. ಗಾಯ ತೊಳೆದ. ಎಲುಬನ್ನು ಒಳಗೆ ಸರಿಸಿದ. ಆದರೆ ಗಾಯದ ಮೇಲೆ ದಬ್ಬೆ ಕಟ್ಟಿದರೆ ಒಳಗೆ ಕೊಳೆಯುತ್ತದೆ. ಕಟ್ಟದಿದ್ದರೆ ಎಲುಬು ಮತ್ತೆ ಜಾರುತ್ತದೆ. ಅವನಿಗೆ ದಾರಿ ಕಾಣಲಿಲ್ಲ. ಎದ್ದು ನೆಟ್ಟಗೆ ಕಮ್ಮಾರಸಾಲೆಗೆ ನಡೆದ.

“ಮೋನಪ್ಪಾ, ಮುರಿದ ಜಾಗ ಮುಟ್ಟದಂಗ ಮುರಿದದ್ದನ್ನ ಹಿಡಿಯಾಕ ಬರ್ತೈತೇನೋ?”

“ಒಗಟ ಹೇಳಾಕ ಬಂದೀ ಏನು ಕಾಕಾ? ಹೋಗು, ಮಮ್ಮಕ್ಕಳಿಗಿ ಹೇಳು. ಇಲ್ಲಿ ಕೆಲಸ ಐತಿ.”

“ಒಗಟಲ್ಲೋ. ಹುಲಿಗೆವ್ವನ ಕಾಲು.”

ಮೋನಪ್ಪನ ಸುತ್ತಿಗೆ ಮೇಲೆ ಹೋದದ್ದು ಮೇಲೇ ನಿಂತಿತು ಅಂತಾರೆ. ಆಮೇಲೆ ಗೌಡರ ಕೊಡಲಿಯ ಸುದ್ದಿ ಕೇಳಿದ. ಆ ಕೊಡಲಿ ಮಾಡಿದವನು ಅವನೇ. ಸೌದೆಗೆ ಅಂತ ಹೇಳಿ ಮಾಡಿಸಿಕೊಂಡು ಹೋಗಿದ್ದರಂತೆ. ಆ ದಿನ ಅವನು ಬೈದ ಬೈಗುಳಕ್ಕೆ ಬೇವಿನ ಮರದ ಕಾಗೆಗಳು ಹಾರಿಹೋಗಿ ಪಕ್ಕದ ಊರಲ್ಲಿ ಕೂತವು.

ಬೈದು ಮುಗಿದ ಮೇಲೆ ಕೆಲಸಕ್ಕೆ ಕೂತ. ಬಂಡಿಯ ಮೂಕಿ ಸೀಳಿದರೆ ಪಕ್ಕಕ್ಕೆ ಒಂದು ಕೋಲು ಕೊಟ್ಟು ಕಟ್ಟುತ್ತೇವಲ್ಲ, ಹಾಗೆ ಕಾಲಿನ ಪಕ್ಕಕ್ಕೆ ಒಂದು ಸರಳು. ಮಾಂಸದ ಹೊರಗೆ, ಗಾಯಕ್ಕೆ ತಾಗದಂತೆ. ಮುರಿದ ಜಾಗದ ಮೇಲೆ ಎರಡು, ಕೆಳಗೆ ಎರಡು ಸೂಜಿ ಎಲುಬಿಗೇ ಇಳಿಸಬೇಕು. ಸೂಜಿಗಳನ್ನು ಹೊರಗಿನ ಸರಳಿಗೆ ಹಿಡಿಸಬೇಕು. ಹೊರಗೆ ಇನ್ನೊಂದು ಎಲುಬು ಇದ್ದ ಹಾಗೆ, ಕಬ್ಬಿಣದ್ದು. ಒಳಗಿನದು ಕೂಡುವತನಕ ಹೊರಗಿನದು ಭಾರ ಹೊರಬೇಕು. ದಸ್ತಗೀರಸಾಬ ಕೇಳಿ ಗಡ್ಡ ನೀವಿಕೊಂಡ. ಸೂಜಿ ಇಳಿಸುವುದು ತನ್ನ ಪಾಲಿಗಿರಲಿ, ಸೂಜಿಗೂ ಸರಳಿಗೂ ಗಂಟು ಹಾಕುವುದು ನಿನ್ನ ಪಾಲು ಅಂದ.

ಆ ಗಂಟೇ ಬಗೆಹರಿಯಲಿಲ್ಲ ನೋಡಿ. ದಸ್ತಗೀರಸಾಬನ ಮನೆಯಿಂದ ಆಡಿನ ಕಾಲೆಲುಬು ತರಿಸಿ, ಮುರಿದು, ಸೂಜಿ ಚುಚ್ಚಿ, ಜಂತಿಗೆ ನೇತುಹಾಕಿ, ಕೆಳಗೆ ಕಲ್ಲು ಕಟ್ಟಿ ನೋಡುತ್ತಿದ್ದ. ನೂಲಿನಿಂದ ಬಿಗಿದ, ಸಡಿಲಾಯಿತು. ತಂತಿ ಸುತ್ತಿದ, ಸರಳು ಒಳಗೇ ಉರುಳಿತು. ಬೆಣೆ ಹೊಡೆದ, ಗಟ್ಟಿ ಕೂತಿತು. ಮೋನಪ್ಪ ಕುಣಿದುಬಿಟ್ಟ. ಆಗ ದಸ್ತಗೀರಸಾಬ, ಬೆಣೆಗೆ ಸುತ್ತಿಗೆ ಬೀಳುವಾಗ ಆ ಪೆಟ್ಟು ಹೋಗುವುದು ಎಲ್ಲಿಗೆ ಅಂತ ಕೇಳಿದ. ಹೋಗುವುದು ಅವಳ ಎಲುಬಿಗೇ. ಮೋನಪ್ಪ ಬೆಣೆ ಕಿತ್ತು ಬೀದಿಗೆ ಎಸೆದ.

ಅವನ ಹೆಂಡತಿ ಕಾಳವ್ವ ಅಷ್ಟೊತ್ತೂ ತಿದಿ ಒತ್ತುತ್ತ ಕೂತಿದ್ದಳು. ಮುಂದಿನದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅವಳ ಕಿವಿಯೋಲೆಯ ತಿರುಪನ್ನು ಮೋನಪ್ಪ ನೋಡಿದ ಅಂತ ಕೆಲವರು. ನೋಡಲಿಲ್ಲ, ಅವಳೇ ಬೇಸತ್ತು ಓಲೆ ಬಿಚ್ಚಿ ಅವನ ಮುಖಕ್ಕೆ ಎಸೆದಳು ಅಂತ ಕೆಲವರು. ಎಸೆದು, “ನನ್ನ ಕಿವಿ ಹಿಡಿದದ್ದು ಬೆಣೆ ಹೊಡೆದೇನು? ತಿರುವಿ ಹಿಡಿಸ್ಯಾನ ಅಕ್ಕಸಾಲಿ. ಅವಗಿರೂ ಬುದ್ಧಿ ನಿನಗ ಇಲ್ಲ” ಅಂದಳಂತೆ. ನಾನು ಎಸೆದಳು ಅನ್ನುವವರ ಕಡೆ.

ತಿರುಪು! ಹೊಡೆಯುವುದಿಲ್ಲ, ನೂಕುವುದಿಲ್ಲ, ಸದ್ದಿಲ್ಲದೆ ಬಿಗಿಯುತ್ತದೆ. ಮೋನಪ್ಪ ಅಂಗೈಯಲ್ಲಿ ಅಡಗುವಷ್ಟು ಕಬ್ಬಿಣದ ಎರಡು ತುಂಡು ಬಡಿದ. ಒಂದರ ಮೇಲೆ ಒಂದು ಕೂತರೆ ನಡುವೆ ಎರಡು ತೋಡು: ಉದ್ದಕ್ಕೆ ಒಂದು, ಸರಳಿಗೆ; ಅಡ್ಡಕ್ಕೆ ಒಂದು, ಸೂಜಿಗೆ. ತೋಡಿನ ಒಳಗೆ ಅರದಿಂದ ಸಣ್ಣ ಸಣ್ಣ ಹಲ್ಲು ಕೊರೆದ. ನಟ್ಟನಡುವೆ ತಿರುಪು. ತಿರುಪು ತಿರುವಿದರೆ ಎರಡು ತುಂಡೂ ಕೂಡಿ ಸರಳನ್ನೂ ಸೂಜಿಯನ್ನೂ ಒಟ್ಟಿಗೆ ಕಚ್ಚುತ್ತಿದ್ದವು. ಆಡಿನ ಎಲುಬಿಗೆ ಹಚ್ಚಿ, ಕಲ್ಲು ಕಟ್ಟಿ, ಮೋನಪ್ಪ ತಾನೇ ಅದಕ್ಕೆ ಜೋತುಬಿದ್ದ. ಜಂತಿ ಮುರಿಯಿತು, ಕಚ್ಚು ಬಿಡಲಿಲ್ಲ. ಕಚ್ಚಿದ ನಾಯಿ ಹೀಗೇ ಬಿಡುವುದಿಲ್ಲ ಅಂತ ಕಾಳವ್ವ ಅಂದದ್ದಕ್ಕೆ ಅದಕ್ಕೆ ನಾಯಿಹಲ್ಲು ಅಂತಲೇ ಹೆಸರಾಯಿತು.

ಮೋನಪ್ಪನ ಜಂಬ ಕೇಳಬೇಕೇ? ತಿರುಪು ಎಷ್ಟು ನುಣುಪು ಅಂದರೆ ಮುದುಕಿಯ ಬೆರಳಿಗೂ ತಿರುಗುತ್ತದೆ ಅಂತ ಊರೆಲ್ಲ ಹೇಳಿಕೊಂಡು ಬಂದ. ಹೇಳಬಾರದಿತ್ತು.

ಹುಲಿಗೆವ್ವನಿಗೆ ನಾಯಿಹಲ್ಲು ತೋರಿಸಿದರು. ಅವಳು ತಿರುಗಿಸಿ ನೋಡಿ, ಕೊಡಲಿಗಿಂತ ನಾಯಿ ವಾಸಿ ಅಂದಳು. ದಸ್ತಗೀರಸಾಬ ಸೂಜಿಗಳನ್ನು ಬೆಂಕಿಗೆ ಹಿಡಿದು, ಬೈರಿಗೆಯಿಂದ ಮೆಲ್ಲಗೆ ಎಲುಬಿಗೆ ಇಳಿಸಿದ. ಹುಲಿಗೆವ್ವ ಕಲ್ಲು ಇಳಿಸುವ ಹಗ್ಗವನ್ನು ಬಾಯಿಗೆ ಕೊಟ್ಟುಕೊಂಡಿದ್ದಳು. ಆ ಹಗ್ಗದಲ್ಲಿ ಅವಳ ಹಲ್ಲಿನ ಗುರುತು ಬಹಳ ಕಾಲ ಇತ್ತಂತೆ. ಮೋನಪ್ಪ ಸರಳು ಇಟ್ಟು, ನಾಯಿಹಲ್ಲು ಹಚ್ಚಿ, ತಿರುಪು ಬಿಗಿದ. ಕಾಲು ನೆಟ್ಟಗೆ ನಿಂತಿತು. ಗಾಯ ತೆರೆದೇ ಇತ್ತು, ತೊಳೆಯಲು ಬರುತ್ತಿತ್ತು. ದಿನ ಹೋದಂತೆ ಗಾಯ ಕೆಂಪಾಯಿತು, ಒಣಗುತ್ತ ಬಂತು. ಬಾಗಿಲ ಹೊರಗಿನ ಕೊಡಲಿಗೆ ತುಕ್ಕು ಹಿಡಿಯಿತು. ಅತ್ತೆ ತಿಮ್ಮವ್ವ ದಿನಾ ಬೆಳಿಗ್ಗೆ ದ್ಯಾಮವ್ವನಿಗೂ ಕೈಮುಗಿದು, ಆ ಕಬ್ಬಿಣಕ್ಕೂ ಕೈಮುಗಿಯುತ್ತಿದ್ದಳು.

ಹೀಗಿರುವಾಗ ಮಾನೌಮಿ ಬಂತು. ಖಂಡೇಪೂಜೆ.

ಖಂಡೇಪೂಜೆ ನಿಮಗೆಲ್ಲ ಗೊತ್ತು. ಆದರೆ ಆ ಊರಿನದು ಬಲು ಬಿಗಿ. ಗುಡ್ಡದ ಕೆಲಸದವರು, ವರ್ಷವೆಲ್ಲ ಕಬ್ಬಿಣದ ನಂಬಿಕೆಯ ಮೇಲೆ ಜೀವ. ಆ ದಿನ ಬೆಳಗಿನಿಂದ ಸಂಜೆಯ ಆರತಿಯವರೆಗೆ ಊರಿನ ಯಾವ ಕಬ್ಬಿಣವೂ ದುಡಿಯಬಾರದು. ದುಡಿದರೆ ವರ್ಷದೊಳಗೆ ಅದು ರಕ್ತ ಬೇಡುತ್ತದೆ ಅಂತ ನಂಬಿಕೆ. ಹಾರೆ, ಸುತ್ತಿಗೆ, ಉಳಿ, ಕುಡುಗೋಲು, ಈಳಿಗೆ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ದ್ಯಾಮವ್ವನ ಮುಂದೆ ಮಲಗಿಸುತ್ತಿದ್ದರು. ಆ ದಿನ ಹೆಂಗಸರು ಬದನೆಕಾಯಿಯನ್ನೂ ಕೈಯಲ್ಲೇ ಮುರಿದು ಅಡಿಗೆ ಮಾಡುತ್ತಿದ್ದರು. ಎಲ್ಲಕ್ಕಿಂತ ಮೊದಲ ಜಾಗ ಕಮ್ಮಾರ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ. ಅದರ ಪಕ್ಕದಲ್ಲಿ ಕಮ್ಮಾರ ಬೆಳಗಿನಿಂದ ಉಪವಾಸ ಕೂರಬೇಕು, ಆರತಿ ಆಗುವತನಕ ಬಾಯಿ ತೆರೆಯಬಾರದು. ಕಬ್ಬಿಣದ ಜೊತೆ ಕಮ್ಮಾರನ ನಾಲಿಗೆಗೂ ವಿಶ್ರಾಂತಿ. ವರ್ಷಕ್ಕೆ ಅದೊಂದು ದಿನ ಊರು ತಣ್ಣಗಿರುತ್ತಿತ್ತು ಅಂತ ನಗುತ್ತಾರೆ. ಬಾಯಿಬಡುಕ ಮೋನಪ್ಪ ಆ ಒಂದು ದಿನದ ಮೌನವನ್ನು ಯಾವತ್ತೂ ಮುರಿದವನಲ್ಲ.

ಗೌಡರು ತಳವಾರನಿಂದ ಡಂಗುರ ಸಾರಿಸಿದರು. ಯಾರ ಮನೆಯಲ್ಲೂ ಕಬ್ಬಿಣ ಉಳಿಯಕೂಡದು. ಯಾರೋ ಕೇಳಿದರು, ಹುಲಿಗೆವ್ವನ ಕಾಲಲ್ಲಿ ಇರುವುದಕ್ಕೆ ಏನು ಮಾಡುವುದು ಅಂತ.

“ಕಬ್ಬಿಣ ಅಂದ್ರ ಕಬ್ಬಿಣ,” ಅಂದರು ಗೌಡರು. “ಕೈಯಾಗಿದ್ರೇನು, ಕಾಲಾಗಿದ್ರೇನು.”

ಅಷ್ಟು ಅಂದು ಎಲೆಅಡಿಕೆ ಹಾಕಿಕೊಂಡರು.

ತಿಮ್ಮವ್ವ ಹೆದರಿದಳು. ಕೆಟ್ಟವಳಲ್ಲ ತಿಮ್ಮವ್ವ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತನ್ನ ಗಂಡನನ್ನು ಗುಡ್ಡಕ್ಕೆ ಕೊಟ್ಟವಳು. ಸೊಸೆಯ ಕಾಲಲ್ಲಿರುವ ಕಬ್ಬಿಣ ನಾಳೆ ಸೊಸೆಯ ರಕ್ತವನ್ನೇ ಬೇಡಿದರೆ? ಹುಲಿಗೆವ್ವ ಬೇಡ ಅತ್ತಿ, ಬೇಡ ಅತ್ತಿ ಅಂದಳು. ಒಂದು ಹೊತ್ತಿನ ಮಾತು, ಸಂಜೆಗೆ ಮತ್ತೆ ಹಚ್ಚಿದರಾಯಿತು ಅಂದಳು ತಿಮ್ಮವ್ವ. ಕಬ್ಬಿಣ ಮುಟ್ಟಿದ ಕೈಯನ್ನು ಹಣೆಗೆ ಒತ್ತಿಕೊಂಡು, ತಪ್ಪಾಯಿತು ತಾಯಿ ಅಂತ ಹೇಳುತ್ತ, ಒಂದೊಂದೇ ತಿರುಪು ಬಿಚ್ಚಿದಳು. ಮುದುಕಿಯ ಬೆರಳಿಗೆ ಎಲ್ಲವೂ ಸಲೀಸಾಗಿ ಬಿಚ್ಚಿದವು. ಸೂಜಿ ಎಲುಬಿನಲ್ಲೇ ಉಳಿದವು; ಸರಳು, ನಾಯಿಹಲ್ಲು ಹೊರಗೆ ಬಂದವು. ತೊಳೆದಳು. ಎಣ್ಣೆ ಸವರಿದಳು. ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು, ತಟ್ಟೆಯಲ್ಲಿ ಇಟ್ಟುಕೊಂಡು ಗುಡಿಗೆ ನಡೆದಳು.

ಅವಳು ಓಣಿ ದಾಟುವಷ್ಟರಲ್ಲಿ ಹಿಂದೆ ಹುಲಿಗೆವ್ವ ಕೂಗಿದ ಕೂಗು ಗುಡ್ಡಕ್ಕೆ ತಾಗಿ ತಿರುಗಿ ಬಂತಂತೆ. ಎಲುಬು ಜಾರಿತ್ತು. ಒಣಗಿದ ಗಾಯ ಬಾಯಿಬಿಟ್ಟಿತ್ತು.

ಗುಡಿಯಲ್ಲಿ ಅಡಿಗಲ್ಲಿನ ಪಕ್ಕ ಮೋನಪ್ಪ ಕೂತಿದ್ದ. ಆ ಕೂಗು ಕೇಳಿದ. ಎದುರಿಗೆ ತಿಮ್ಮವ್ವ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಎಣ್ಣೆ ಹಚ್ಚಿಕೊಂಡು, ಹೂ ಮುಡಿದುಕೊಂಡು ಅವನ ನಾಯಿಹಲ್ಲುಗಳು. ಜನ ಹಿಂದೆ ಸರಿದರು. ಈಗ ಬಾಯಿ ಬಿಡುತ್ತಾನೆ, ಈಗ ಗುಡಿಯ ಶಿಖರ ಹಾರುತ್ತದೆ ಅಂದುಕೊಂಡರು.

ಮೋನಪ್ಪ ಬಾಯಿ ಬಿಡಲಿಲ್ಲ.

ಎದ್ದ. ತನ್ನ ಸುತ್ತಿಗೆಯನ್ನು ಮುಟ್ಟಲಿಲ್ಲ, ಅದಕ್ಕೆ ವಿಶ್ರಾಂತಿ. ಹಾರೆ ಮುಟ್ಟಲಿಲ್ಲ. ಪಕ್ಕದ ಮನೆಯ ಅಂಗಳದಲ್ಲಿದ್ದ ಮರದ ಒನಕೆ ಎತ್ತಿಕೊಂಡ. ನೆಟ್ಟಗೆ ಗೌಡರ ಮನೆಗೆ ಹೋದ. ಗೌಡರ ತಲೆಬಾಗಿಲು ಆ ಸೀಮೆಗೇ ದೊಡ್ಡದು, ಕಬ್ಬಿಣದ ಪಟ್ಟಿ, ಕಬ್ಬಿಣದ ಮೊಳೆ, ಕಬ್ಬಿಣದ ತಿರುಗಣಿ. ಎಲ್ಲ ಮೋನಪ್ಪನ ಅಪ್ಪ ಮಾಡಿದ್ದು. ಬಾಗಿಲ ಬುಡಕ್ಕೆ ಒನಕೆ ಕೊಟ್ಟು ಒಂದು ಸಲ ಮೀಟಿದ. ಬಾಗಿಲು ಕಳಚಿತು. ಅದನ್ನು ರೊಟ್ಟಿಯ ಹಾಗೆ ಬೆನ್ನ ಮೇಲೆ ಹಾಕಿಕೊಂಡು ಬಂದು ದ್ಯಾಮವ್ವನ ಮುಂದೆ ಮಲಗಿಸಿದ. ಒಂದು ಚೆಂಡುಹೂ ಇಟ್ಟ. ಮತ್ತೆ ಹೋದ.

ಬಾವಿಯ ರಾಟೆ ಬಂತು. ಬಂಡಿಯ ಗಾಲಿ ಬಂದವು. ಗೌಡರ ಕಣಜದ ಚಿಲಕ ಬಂತು. ಗೌಡರ ತೂಗುಮಣೆಯ ಸರಪಳಿ ಬಿಚ್ಚಿದ. ಆಗ ಗೌಡರು ಅದರ ಮೇಲೆ ಕೂತಿದ್ದರು ಅಂತ ಒಬ್ಬರು, ಇಲ್ಲ, ಅಷ್ಟರಲ್ಲಿ ಎದ್ದಿದ್ದರು ಅಂತ ಇನ್ನೊಬ್ಬರು. ಕೂತಿದ್ದರು ಅನ್ನುವುದೇ ನನಗೆ ಸೇರುತ್ತದೆ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಊರಲ್ಲಿ ಒಂದು ಮನೆಗೂ ಬಾಗಿಲಿರಲಿಲ್ಲ ಅಂತಾರೆ. ನಾಯಿಗಳು ಯಾರ ಮನೆಗೆ ಹೋಗಬೇಕು ಅಂತ ತಿಳಿಯದೆ ಎಲ್ಲರ ಮನೆಗೂ ಹೋದವು. ಮೋನಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಸುಮ್ಮನಿರುವಿಕೆಯನ್ನು ತಡೆಯಲಾಗಲಿಲ್ಲ ಅಂತ ಅಲ್ಲಿಯ ಮುದುಕರು ಈಗಲೂ, ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ.

ಕೊನೆಗೆ ಗುಡಿಯೊಳಗೆ ಹೋಗಿ ದೊಡ್ಡ ಗಂಟೆಯ ನಾಲಿಗೆ ಬಿಚ್ಚಿದ. ಗಂಟೆ ಕಂಚಿನದು, ನಾಲಿಗೆ ಕಬ್ಬಿಣದ್ದು. ಅದನ್ನೂ ತಂದು ಸಾಲಿನಲ್ಲಿ ಮಲಗಿಸಿ, ಅದಕ್ಕೂ ಹೂವಿಟ್ಟು, ತನ್ನ ಅಡಿಗಲ್ಲಿನ ಪಕ್ಕ ಹೋಗಿ ಕೂತ.

ಈಗ ಆರತಿ ಹೇಗೆ? ಗಂಟೆ ಬಾರಿಸದೆ ಆರತಿ ಇಲ್ಲ. ಆರತಿ ಆಗದೆ ಕಮ್ಮಾರನ ಮೌನ ಮುಗಿಯುವುದಿಲ್ಲ, ಅವನಿಗೆ ಏನು ಬೇಕು ಅಂತ ಅವನ ಬಾಯಿಂದ ಬರುವುದಿಲ್ಲ. ಆರತಿ ಆಗದಿದ್ದರೆ ನಾಳೆ ನಾವು ಗುಡ್ಡ ಹತ್ತುವುದಿಲ್ಲ ಅಂತ ಕಲ್ಲು ಒಡೆಯುವವರು ಕೈಕಟ್ಟಿ ಕೂತರು. ಗೌಡರು ಬಂದರು, ಮುಖ ಕೆಂಡ.

“ಏನಲೇ ಇದು, ಮೋನ್ಯಾ?”

ಉತ್ತರ ಕಾಳವ್ವ ಕೊಟ್ಟಳು. ಅವಳಿಗೆ ಮೌನದ ಕಟ್ಟಳೆ ಇರಲಿಲ್ಲ.

“ಕಬ್ಬಿಣ ಅಂದ್ರ ಕಬ್ಬಿಣ ಅಂದ್ರೆಲ್ರಿ ಗೌಡ್ರ? ನನ್ನ ಗಂಡ ನಿಮ್ಮ ಮಾತು ನಡಿಸಾಕತ್ತಾನ. ನಿಮ್ಮ ಬಾಗಲ ದಿನಾ ದುಡೀತೈತಿ, ಒಂದಿನ ಮಲಗ್ಲಿ.”

“ಅಕೀ ಕಾಲಿಗೂ ನನ್ನ ಬಾಗಲಕೂ ಸಮಾ ಏನ?” ಅಂತ ಗೌಡರು ಗುಡುಗಿದರು.

ಅಷ್ಟರಲ್ಲಿ ಓಣಿಯವರು ಹುಲಿಗೆವ್ವನನ್ನು ಹುರಿ ಹೆಣೆದ ಹೊರಸಿನ ಮೇಲೆ ಹೊತ್ತು ತಂದಿದ್ದರು. ಜೊತೆಗೆ ದಸ್ತಗೀರಸಾಬ, ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದು ಬಂದಿದ್ದ. ಅವಳ ಮುಖ ಬೂದಿಯ ಬಣ್ಣಕ್ಕಾಗಿತ್ತು. ಆದರೂ ನಾಲಿಗೆ ಸತ್ತಿರಲಿಲ್ಲ.

“ಸಮಾ ಅಲ್ರಿ ಗೌಡ್ರ. ಬಾಗಲ ನಾಳೆ ಹಚ್ಚಿದ್ರೂ ಬಾಗಲಾನ. ಕಾಲು ನಾಳೆ ಹಚ್ಚಿದ್ರ ಕೋಲು.”

ಹೊತ್ತು ಇಳಿಯುತ್ತಿತ್ತು. ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ ಕಾಲಿಲ್ಲದವರು, ಅಲ್ಲಿವರೆಗೂ ಯಾರ ಕಣ್ಣಿಗೂ ಬೀಳದೆ ಕೂತಿದ್ದವರು, ಒಬ್ಬೊಬ್ಬರಾಗಿ ತೆವಳಿಕೊಂಡು ಬಂದು ಹೊರಸಿನ ಸುತ್ತ ಕೂತರು. ಏನೂ ಕೇಳಲಿಲ್ಲ. ಸುಮ್ಮನೆ ಗೌಡರ ಮುಖ ನೋಡುತ್ತ ಕೂತರು. ಆಗ ತಿಮ್ಮವ್ವ ತಟ್ಟೆಗೆ ಕೈಹಾಕಿದಳು. ಪಾಪ ಬಂದರೆ ನನಗೆ ಬರಲಿ, ರಕ್ತ ಬೇಡಿದರೆ ನನ್ನದು ಕುಡಿಯಲಿ, ಬಿಚ್ಚಿದವಳು ನಾನು, ಹಚ್ಚುವವಳೂ ನಾನೇ ಅಂತ ನಾಯಿಹಲ್ಲುಗಳನ್ನು ಉಡಿಯಲ್ಲಿ ತುಂಬಿಕೊಂಡಳು.

ಗೌಡರು ಒಂದು ಸಲ ಬಾಗಿಲಿಲ್ಲದ ತಮ್ಮ ಮನೆಯ ಕಡೆ ನೋಡಿದರು. ಒಂದು ಸಲ ಕೈಕಟ್ಟಿ ಕೂತ ಕಲ್ಲಿನವರ ಕಡೆ ನೋಡಿದರು. ನಾಳೆ ಗುಡ್ಡ ಖಾಲಿ. ಹಚ್ಚಿಕೊಳ್ಳಲಿ ಅಂದರು. ಕರುಣೆಯಿಂದ ಅಂದರು ಅಂತ ಅವರ ಕಟ್ಟೆಯ ಮೇಲೆ ಹೇಳುತ್ತಾರೆ. ಥೂ!

ಆದರೆ ನಾಯಿಹಲ್ಲಿಗೆ ಎಣ್ಣೆ ಹತ್ತಿತ್ತು. ಎಣ್ಣೆ ಹತ್ತಿದ ಹಲ್ಲು ಕಚ್ಚುವುದಿಲ್ಲ. ಮೋನಪ್ಪ ಕೈಸನ್ನೆ ಮಾಡಿ ಒಲೆಯ ಬೂದಿ ತರಿಸಿ, ಒಂದೊಂದು ತೋಡನ್ನೂ ಉಜ್ಜಿ ಉಜ್ಜಿ ಒಣಗಿಸಿದ. ಜಾರಿದ ಎಲುಬನ್ನು ಸರಿಗೆ ತರಬೇಕಾದರೆ ಒಬ್ಬರು ಪಾದ ಹಿಡಿದು ಎಳೆಯಬೇಕು, ಅಲುಗದೆ ಹಿಡಿದಿರಬೇಕು. ದಸ್ತಗೀರಸಾಬ ಯಾರು ಹಿಡಿಯುತ್ತೀರಿ ಅಂದ. ಮೋನಪ್ಪ ಗೌಡರ ಕೈ ಹಿಡಿದು ತಂದು ಹುಲಿಗೆವ್ವನ ಪಾದದ ಮೇಲೆ ಇಟ್ಟ. ಗೌಡರು ಎಳೆದುಕೊಳ್ಳಲು ನೋಡಿದರು. ಕಮ್ಮಾರನ ಹಿಡಿತ, ಬಿಡಲಿಲ್ಲ. ಹೀಗೆ ಗೌಡರು ಒಬ್ಬ ಕಲ್ಲು ಹೊರುವವಳ ಕಾಲು ಹಿಡಿದು ಕೂತರು. ಅವಳು ಕೂಗಿದ ಒಂದೊಂದು ಕೂಗೂ ಅವರ ಅಂಗೈಯೊಳಗೆ ಹೋಯಿತು. ಎಲುಬು ಸರಿಯಾಯಿತು. ತಿಮ್ಮವ್ವ ಹಿಡಿದುಕೊಟ್ಟಳು, ಮೋನಪ್ಪ ತಿರುಪು ಬಿಗಿದ.

ಗಂಟೆಗೆ ನಾಲಿಗೆ ಹಾಕಿದರು. ಗಂಟೆ ಬಾರಿಸಿದರು. ಆರತಿ ಆಯಿತು. ಮೋನಪ್ಪನ ಮೌನ ಮುಗಿಯಿತು. ಇಡೀ ಊರು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿತು. ಅವನು ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊದಲು ಆಡಿದ ಮಾತು ಇಷ್ಟೇ ಅಂತಾರೆ:

“ಬಾಳ ನೋಯಾಕತ್ತೈತೇನ ತಂಗಿ?”

ಎರಡನೆಯ ಮಾತಿನಿಂದ ಬೈಯಲು ಶುರುಮಾಡಿದ. ಅದನ್ನು ಇಲ್ಲಿ ಹೇಳಲು ಬರುವುದಿಲ್ಲ. ಗೌಡರನ್ನು ಬೈದ, ಕೈಕಟ್ಟಿ ನೋಡುತ್ತಿದ್ದವರನ್ನು ಬೈದ, ಕೊಡಲಿ ಮಾಡಿಕೊಟ್ಟ ತನ್ನ ಕೈಯನ್ನು ಬೈದ, ಮುದುಕಿಯ ಬೆರಳಿಗೂ ತಿರುಗುವ ತಿರುಪು ಮಾಡಿದ ತನ್ನ ಜಂಬವನ್ನು ಎಲ್ಲಕ್ಕಿಂತ ಹೆಚ್ಚು ಬೈದ.

ಹುಲಿಗೆವ್ವ ನಡೆದಳು. ಆದರೆ ಕುಂಟುತ್ತ ನಡೆದಳು. ಗೌಡರ ಕಟ್ಟೆಯ ಕತೆಯಲ್ಲಿ ಅವಳು ಜಿಂಕೆಯ ಹಾಗೆ ಓಡುತ್ತಾಳೆ. ಗೌಡರೇ ಕಬ್ಬಿಣ ಕೊಟ್ಟು, ಗೌಡರೇ ಹೇಳಿ ಮಾಡಿಸಿದ್ದು ಅಂತ ಬರುತ್ತದೆ. ಸುಳ್ಳು. ಬಿಚ್ಚದೆ ಬಿಟ್ಟಿದ್ದರೆ ನೆಟ್ಟಗೆ ನಡೆಯುತ್ತಿದ್ದಳು. ಆ ಒಂದು ಹೊತ್ತಿನ ಪೂಜೆಗೆ ಅವಳ ಕಾಲು ಬೆರಳಗಲ ಗಿಡ್ಡವಾಯಿತು, ಸಾಯುವತನಕ ಗಿಡ್ಡವೇ ಇತ್ತು. ಅದನ್ನು ಯಾವ ಕಟ್ಟೆಯ ಮೇಲೂ ಹೇಳುವುದಿಲ್ಲ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಆಮೇಲೆ ಮೋನಪ್ಪ ಮಾಡಿದ ನಾಯಿಹಲ್ಲು ಬೆರಳಿಗೆ ತಿರುಗುತ್ತಿರಲಿಲ್ಲ. ತಿರುಪಿನ ತಲೆಗೆ ಮೂಲೆ ಕೊಟ್ಟ. ಅದಕ್ಕೆ ಹೊಂದುವ ಒಂದು ಸಣ್ಣ ಕೀಲಿ ಮಾಡಿದ. ಆ ಕೀಲಿ ಇಲ್ಲದೆ ಬಿಚ್ಚಲು ಬರುತ್ತಿರಲಿಲ್ಲ. ಗೌಡರು ಕೀಲಿ ಚಾವಡಿಯಲ್ಲಿ ಇರಲಿ ಅಂದರಂತೆ. ದಸ್ತಗೀರಸಾಬನ ಹತ್ತಿರ ಇರಲಿ ಅಂತ ಕೆಲವರು, ಕಮ್ಮಾರಸಾಲೆಯಲ್ಲೇ ಇರಲಿ ಅಂತ ಕೆಲವರು. ಮೋನಪ್ಪ ಯಾರಿಗೂ ಕೊಡಲಿಲ್ಲ, ತಾನೂ ಇಟ್ಟುಕೊಳ್ಳಲಿಲ್ಲ. ಕಾಲು ಯಾರದೋ ಅವರ ಕೊರಳಿಗೆ ದಾರದಲ್ಲಿ ಕಟ್ಟಿದ. ದಸ್ತಗೀರಸಾಬನೂ ತಿರುಪು ಸಡಿಲ ಮಾಡಬೇಕಾದರೆ ಕೀಲಿ ಕೊಡವ್ವಾ, ಕೀಲಿ ಕೊಡಪ್ಪಾ ಅಂತ ಕೈಚಾಚಿ ಕೇಳಬೇಕಾಗಿತ್ತು. ಕೊಡಲಿಗೆ ಆಮೇಲೆ ಕೆಲಸ ಸಿಗಲಿಲ್ಲ.

ಮೋನಪ್ಪ ಹೋದ. ದಸ್ತಗೀರಸಾಬ ಹೋದ. ಈಗ ಆ ಊರಿನವರು ಕಾಲು ಮುರಿದರೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಹೊಳೆಯುವ ಉಕ್ಕಿನ ಸರಳು, ಉಕ್ಕಿನ ಸೂಜಿ, ಎರಡನ್ನೂ ಕಚ್ಚಿ ಹಿಡಿಯುವ ಉಕ್ಕಿನ ಹಿಡಿಕೆ ಹಾಕಿ ಕಳಿಸುತ್ತಾರೆ. ಊರಿನವರು ಅದಕ್ಕೂ ನಾಯಿಹಲ್ಲು ಅಂತಲೇ ಅನ್ನುತ್ತಾರೆ. ಕಲ್ಲಿನ ಕೆಲಸ ನಿಂತಿಲ್ಲ. ಹಾಗೆ ನಾಯಿಹಲ್ಲು ಹಾಕಿಸಿಕೊಂಡು ಬಂದವರು ಆ ಊರಲ್ಲಿ ಯಾವ ವರ್ಷವೂ ಒಬ್ಬಿಬ್ಬರಾದರೂ ಇರುತ್ತಾರೆ.

ಖಂಡೇಪೂಜೆಯ ದಿನ ಆ ಊರಿಗೆ ಹೋಗಿ ನೋಡಿ. ಅಡಿಗಲ್ಲಿಗೆ ಈಗ ಎರಡನೆಯ ಜಾಗ. ಮೊದಲು ತಟ್ಟೆ ಹಿಡಿದು ಜನ ಓಣಿಗೆ ಹೋಗುತ್ತಾರೆ, ಕಾಲಲ್ಲಿ ಕಬ್ಬಿಣ ಇರುವವರ ಹೊರಸಿನ ಮುಂದೆ ನಿಲ್ಲುತ್ತಾರೆ. ಎಣ್ಣೆ ಒಯ್ಯುವುದಿಲ್ಲ, ಹೂ ಮಾತ್ರ. ಗೌಡರ ಮನೆಯವರೂ ನಿಲ್ಲಬೇಕು. ಹಿರಿಯರು ಒಬ್ಬರು ಕೇಳುತ್ತಾರೆ:

“ನಿಮ್ಮ ಕಬ್ಬಿಣ ದುಡಿಯಾಕತ್ತೈತೇನ್ರಿ?”

ಮಲಗಿದವರು ಬಿಚ್ಚಿರಿ ಅಂದರೂ ಅನ್ನಬಹುದು, ಅದು ಅವರಿಗೆ ಬಿಟ್ಟದ್ದು. ಯಾರೂ ಇಲ್ಲಿಯವರೆಗೆ ಅಂದಿಲ್ಲ. ದುಡಿಯಾಕತ್ತೈತಿ ಅನ್ನುತ್ತಾರೆ. ಆಗ ಹೂವನ್ನು ಕಬ್ಬಿಣಕ್ಕೆ ಮುಟ್ಟಿಸದೆ ಪಕ್ಕಕ್ಕಿಟ್ಟು, ಗುಡಿಯಲ್ಲಿ ಗಂಟೆ ಬಾರಿಸುತ್ತಾರೆ. ಮಲಗಿದವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಸಣ್ಣ ಕೀಲಿ ಇರುತ್ತದೆ. ಆಸ್ಪತ್ರೆಯಿಂದ ಬಂದ ದಿನವೇ ಕಮ್ಮಾರಸಾಲೆಯಿಂದ ತಂದು ಕಟ್ಟಿರುತ್ತಾರೆ. ಈಗಿನ ಉಕ್ಕಿನ ಹಿಡಿಕೆಗೆ ಆ ಕೀಲಿ ಹೊಂದುವುದಿಲ್ಲ, ಊರಿನ ಯಾವ ಬೀಗಕ್ಕೂ ಹೊಂದುವುದಿಲ್ಲ. ಆದರೂ ಡಾಕ್ಟರ ಹತ್ತಿರ ತೋರಿಸಲು ಹೋದಾಗ ಆ ಊರಿನವರು ಮೊದಲು ಅದನ್ನು ಬಿಚ್ಚಿ ಅವರ ಕೈಯಲ್ಲಿ ಇಡುತ್ತಾರೆ. ಇಟ್ಟ ಮೇಲೆಯೇ ಕಾಲು ಚಾಚುತ್ತಾರೆ.